‘ಮೌಲ್ಯ ಅಂದ್ರೆ? ಅಡಿಕೆ ರೇಟಾ?’

ಪ್ರಶ್ನೆ: ನಮ್ಮ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿರುವ ಅಜ್ಜನಿಗೆ ಈಗ 90 ವರ್ಷ. ಮನೆಯವರೆಲ್ಲ ಸೇರಿ ಅವರ ಬಗ್ಗೆ ಒಂದು ಸಣ್ಣ ಪುಸ್ತಕ ತರಬೇಕು ಅಂತಿದ್ದೇವೆ. ಆ ಕಾಲದವರ ಪ್ರಾಮಾಣಿಕತೆ, ದುಡಿಮೆ, ಕೊಟ್ಟ ಮಾತಿಗೆ ನಿಲ್ಲುವುದು ಇದೆಲ್ಲ ನಮ್ಮಲ್ಲಿ ಇಲ್ಲ ಅನಿಸುತ್ತದೆ. ಅವರು ನಿಜಕ್ಕೂ ನಮಗಿಂತ ಒಳ್ಳೆಯವರಾಗಿದ್ದರಾ ಅಥವಾ ದೂರದಿಂದ ನಮಗೆ ಹಾಗೆ ಕಾಣುವುದಾ? ಅಜ್ಜನನ್ನು ಕೇಳಿದರೆ ‘ಎಂತ ಉಂಟು ಹೇಳಲಿಕ್ಕೆ’ ಅಂತ ಸುಮ್ಮನಾಗುತ್ತಾರೆ. ಭೂಮಸೂದೆ ಕಾಲದ ವಿಷಯ ಬರೆಯುವುದೇ ಬೇಡ ಅಂತ ಅಪ್ಪ ಹೇಳುತ್ತಾರೆ. ಹೇಗೆ ಮುಂದುವರಿಯಲಿ?

ಉತ್ತರ: ನಿಮ್ಮ ಅಜ್ಜನ ಹತ್ತಿರ ಹೇಳಲಿಕ್ಕೆ ಬೇಕಾದಷ್ಟು ಇರುತ್ತದೆ. ಕೇಳಿದ ರೀತಿ ಸರಿ ಇಲ್ಲದಿರಬಹುದು. ಬೇಸರ ಮಾಡಬೇಡಿ, ನಾನೂ ಅದೇ ತಪ್ಪು ಮಾಡಿದವನು.

ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ರಜೆಯಲ್ಲಿ ಹಿರಿಯರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವ ಹುಚ್ಚು ಹಿಡಿಯಿತು. ಮೊದಲು ಹೋದದ್ದು ಪೆರ್ಲದ ಕಡೆಯ ಒಬ್ಬ ಕೃಷಿಕರ ಮನೆಗೆ. ಕ್ಯಾಸೆಟ್ ಹಾಕಿ, ಗಂಟಲು ಸರಿಮಾಡಿಕೊಂಡು, ‘ನಿಮ್ಮ ಕಾಲದ ಜೀವನ ಮೌಲ್ಯಗಳ ಬಗ್ಗೆ ಸ್ವಲ್ಪ ಹೇಳಿ’ ಅಂದೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿ, ‘ಮೌಲ್ಯ ಅಂದ್ರೆ? ಅಡಿಕೆ ರೇಟಾ?’ ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಆವತ್ತು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಅಡಿಕೆ ರೇಟಿನಿಂದಲೇ ತುಂಬಿತು. ಒಂದು ದಿನ ದಂಡ ಆಯಿತಲ್ಲ ಅಂತ ಮನೆಗೆ ಬಂದೆ.

ಎಷ್ಟೋ ವರ್ಷ ಕಳೆದ ಮೇಲೆ ಅದೇ ಕ್ಯಾಸೆಟ್ ಮತ್ತೆ ಹಾಕಿದೆ. ರೇಟಿನ ಮಾತಿನ ನಡುವೆ ಅವರು ಒಂದು ವಾಕ್ಯ ಹೇಳಿದ್ದರು: ‘ಆ ವರ್ಷ ರೇಟು ಬಿತ್ತು, ಆಳುಗಳ ಸಂಬಳ ಬಾಕಿ ಇಡ್ಲಿಕ್ಕೆ ಆಗ್ತದಾ, ಇವಳ ಬಳೆ ಅಡವಿಟ್ಟು ಕೊಟ್ಟೆ.’ ಅಷ್ಟು ಹೇಳಿ ಮತ್ತೆ ರೇಟಿಗೆ ಹೋಗಿದ್ದಾರೆ. ನಾನು ಹುಡುಕಿಕೊಂಡು ಹೋದದ್ದು ಅದನ್ನೇ. ಎದುರು ಕೂತಿದ್ದರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಬಳೆ ಕೊಟ್ಟವರು ಒಳಗೆ ಅಡುಗೆಮನೆಯಲ್ಲಿದ್ದರು. ಅವರನ್ನಂತೂ ನಾನು ಒಂದು ಮಾತೂ ಕೇಳಲಿಲ್ಲ.

ಆಮೇಲಿಂದ ನಾನು ಯಾರ ಹತ್ತಿರವೂ ಗುಣ, ಆದರ್ಶ, ಮೌಲ್ಯ ಅಂತ ಕೇಳಿದ್ದಿಲ್ಲ. ಕೆಲಸ ಕೇಳುತ್ತೇನೆ, ಲೆಕ್ಕ ಕೇಳುತ್ತೇನೆ. ಗುಣ ಅದರೊಳಗೆ ತಾನಾಗಿ ಬರುತ್ತದೆ. ಬರದಿದ್ದರೆ ಅದೂ ಒಂದು ಉತ್ತರವೇ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಅವರು ನಮಗಿಂತ ಒಳ್ಳೆಯವರಾ? ಇದಕ್ಕೆ ಉತ್ತರ ಕೊಡುವಾಗ ನಾನು ಸ್ವಲ್ಪ ಹಿಂದೆಮುಂದೆ ನೋಡುತ್ತೇನೆ. ‘ಈಗಿನ ಮಕ್ಕಳು ಹಾಳಾದರು’ ಅನ್ನುವ ಮಾತು ಎಲ್ಲ ಕಾಲದಲ್ಲೂ ಇತ್ತು. 2019ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಮೇಲೆ ಒಂದು ಅಧ್ಯಯನ ಮಾಡಿದರು. ಜಾಸ್ತಿ ಓದುವವರಿಗೆ ಈಗಿನ ಮಕ್ಕಳು ಓದುವುದಿಲ್ಲ ಅಂತ ಕಾಣುತ್ತದೆ. ಹಿರಿಯರ ಮಾತು ಮೀರಬಾರದು ಅನ್ನುವವರಿಗೆ ಮಕ್ಕಳಲ್ಲಿ ಗೌರವ ಇಲ್ಲ ಅಂತ ಕಾಣುತ್ತದೆ. ಅಂದರೆ ನಮ್ಮಲ್ಲಿ ಯಾವ ಗುಣ ಎದ್ದು ಕಾಣುತ್ತದೋ ಅದೇ ಮುಂದಿನವರಲ್ಲಿ ಕಮ್ಮಿಯಾಗಿದೆ ಅನಿಸುತ್ತದೆ. ನೀವು ಅದನ್ನೇ ತಿರುಗಿಸಿ ನಿಮ್ಮ ಮೇಲೆ ಹಾಕಿಕೊಂಡಿದ್ದೀರಿ, ಅಷ್ಟೆ.

ಇನ್ನೊಂದು ವಿಷಯವೂ ಉಂಟು. 1951ರ ಜನಗಣತಿಯ ಹೊತ್ತಿಗೆ ನಮ್ಮ ದೇಶದಲ್ಲಿ ಸರಾಸರಿ ಆಯಸ್ಸು ಸುಮಾರು 32 ವರ್ಷ. ಸಣ್ಣ ಮಕ್ಕಳ ಸಾವು ಅಷ್ಟು ಜಾಸ್ತಿ ಇತ್ತು. ನಿಮ್ಮ ಅಜ್ಜ ಅದನ್ನೆಲ್ಲ ದಾಟಿ 90ಕ್ಕೆ ಬಂದವರು. ಅಂದರೆ ಇವತ್ತು ನಮ್ಮ ಕಣ್ಣಿಗೆ ಬೀಳುವುದು ಉಳಿದ ಕೆಲವರು ಮಾತ್ರ. ಅವರ ಜೊತೆ ಹುಟ್ಟಿದವರಲ್ಲಿ ಕುಡಿದು ಆಸ್ತಿ ಕಳೆದವರು, ಅಣ್ಣತಮ್ಮಂದಿರ ಪಾಲು ನುಂಗಿದವರು ಇರಲಿಲ್ಲವಾ? ಇದ್ದರು. ಅವರ ಬಗ್ಗೆ ಯಾರೂ ಪುಸ್ತಕ ಮಾಡುವುದಿಲ್ಲ.

ಹಾಗಂತ ನಿಮ್ಮ ಅಭಿಮಾನ ಸುಳ್ಳು ಅಂತ ನಾನು ಹೇಳುವುದಿಲ್ಲ. ನನಗೂ ಆ ಅಭಿಮಾನ ಉಂಟು. ಆದರೆ ಅದಕ್ಕೆ ಹಿಡಿದುಕೊಳ್ಳಲು ಒಂದು ವಸ್ತು ಬೇಕು. ನಮ್ಮ ಕಡೆ ಅಂಥ ವಸ್ತುಗಳಿಗೆ ಬರಗಾಲ ಇಲ್ಲ. ನಾನಾದರೆ ಸುರಂಗದಿಂದ ಶುರುಮಾಡುತ್ತೇನೆ.

ನಿಮ್ಮ ತೋಟದ ಮೇಲಿನ ಗುಡ್ಡದಲ್ಲಿ ಒಂದು ಸುರಂಗ ಇರಲೇಬೇಕು ಅಂತ ನನ್ನ ಅಂದಾಜು. ಬೆಂಗಳೂರಿನ ಸ್ನೇಹಿತರಿಗೆ ಹೇಳಿದರೆ ರೈಲು ಹೋಗುವ ಸುರಂಗ ಅಂದುಕೊಳ್ಳುತ್ತಾರೆ! ಇದು ನೀರಿಗೆ ತೋಡಿದ್ದು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ತೂರುವಷ್ಟು ಅಗಲ, ತಲೆ ತಾಗದಷ್ಟು ಎತ್ತರ. ಒಳಗೆ ಹೋಗ್ತಾ ಹೋಗ್ತಾ ನೆಲ ಸ್ವಲ್ಪವೇ ಏರಬೇಕು. ಇಲ್ಲದಿದ್ದರೆ ನೀರು ತಾನಾಗಿ ಹೊರಗೆ ಹರಿಯುವುದಿಲ್ಲ. ಪಂಪೂ ಬೇಡ, ಕರೆಂಟೂ ಬೇಡ. ಸುರಂಗದ ಬಾಯಿಯಲ್ಲಿ ಬಂದ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹಾಯಿಸಿ ಕೆರೆಗೆ ಬಿಡುತ್ತಿದ್ದರು. ಉದ್ದ ಅಳೆಯುವುದು ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಅಂದರೆ ಸುಮಾರು 72 ಸೆಂಟಿಮೀಟರ್.

ತೋಡುವವನ ಕೈಯಲ್ಲಿ ಒಂದು ಪಿಕ್ಕಾಸು. ಪಕ್ಕದಲ್ಲಿ ಒಂದು ದೀಪ ಅಥವಾ ಮೇಣದಬತ್ತಿ. ಬೆಳಕಿಗೆ ಮಾತ್ರ ಅಲ್ಲ. ದೀಪ ಸಣ್ಣಗಾದರೆ ಉಸಿರಾಡುವ ಗಾಳಿ ಕಮ್ಮಿಯಾಗಿದೆ ಅಂತ ಅರ್ಥ, ತಕ್ಷಣ ಹೊರಗೆ ಬರಬೇಕು. ಅಗೆದ ಮಣ್ಣನ್ನು ಇನ್ನೊಬ್ಬ ಬುಟ್ಟಿಯಲ್ಲಿ ಎಳೆದು ತಂದು ಹೊರಗೆ ಸುರಿಯಬೇಕು. ಎಷ್ಟು ಕೋಲು ಹೋದರೆ ನೀರು ಸಿಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ನಡುವೆ ಕರಿಕಲ್ಲು ಅಡ್ಡ ಬಂದರೆ ಅಲ್ಲಿಗೆ ಬಿಟ್ಟು ಬೇರೆ ಕಡೆ ಶುರು. ಗಡಿಯಾಚೆ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ವಾ? ಕೂಲಿ ಕೆಲಸ ಮುಗಿಸಿ ಬಂದು ಬೋಳುಗುಡ್ಡದಲ್ಲಿ ಒಬ್ಬರೇ ತೋಡಿದವರು. ಅವರ ಮೊದಲ ಸುರಂಗಗಳಲ್ಲಿ ನೀರೇ ಸಿಕ್ಕಿರಲಿಲ್ಲ.

ಈಗ ಅಜ್ಜನನ್ನು ಕೇಳಿ. ನಮ್ಮ ಸುರಂಗ ಎಷ್ಟು ಕೋಲು? ಎಷ್ಟು ತಿಂಗಳು ಹಿಡಿಯಿತು? ನೀರು ಬಂದ ದಿನ ಯಾರು ಮೊದಲು ಕಂಡದ್ದು? ಮುಖ್ಯವಾಗಿ, ಪಿಕ್ಕಾಸು ಹಿಡಿದವರು ಯಾರು? ‘ನಾವೇ ತೋಡಿಸಿದ್ದು’ ಅಂತ ಅವರು ಹೇಳಿದರೆ ‘ತೋಡಿದ್ದು’ ಮತ್ತು ‘ತೋಡಿಸಿದ್ದು’ ಎರಡನ್ನೂ ಬಿಡಿಸಿ ಕೇಳಿ. ಎಷ್ಟೋ ಕಡೆ ಕೋಲಿಗೆ ಇಷ್ಟು ಅಂತ ಮಾತಾಡಿ ತೋಡುವವರನ್ನೇ ಕರೆಸುತ್ತಿದ್ದರು. ಆ ಮನುಷ್ಯನ ಹೆಸರು ಅಜ್ಜನಿಗೆ ನೆನಪಿದ್ದರೆ, ನನ್ನ ಪ್ರಕಾರ, ಅದು ನಿಮ್ಮ ಪುಸ್ತಕದ ಅತಿ ದೊಡ್ಡ ಸಂಗತಿ. 60 ವರ್ಷ ಆದ ಮೇಲೂ ಕೂಲಿಯವನ ಹೆಸರು ನೆನಪಿಟ್ಟುಕೊಂಡವರ ಗುಣದ ಬಗ್ಗೆ ನೀವು ಬೇರೆ ಎಂತ ಬರೆಯಬೇಕು?

ಸುರಂಗ ಒಬ್ಬೊಬ್ಬರ ಮನೆಯದ್ದಾದರೆ, ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಊರಿನದ್ದು. ನಿಮ್ಮ ಕಡೆಯ ಏತಡ್ಕದಂಥ ಜಾಗಗಳಲ್ಲಿ ಮಳೆ ನಿಂತ ಮೇಲೆ ತೋಡಿಗೆ (ಹಳ್ಳಕ್ಕೆ) ಸಾಲಾಗಿ ಕಟ್ಟ ಹಾಕುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು, ಅಷ್ಟೇ ಸಾಮಾನು. ನೀರು ನಿಂತು ಸುತ್ತಲಿನ ಬಾವಿ, ಕೆರೆ, ಸುರಂಗ ಎಲ್ಲ ಬೇಸಿಗೆಯವರೆಗೂ ಜೀವ ಹಿಡಿದುಕೊಳ್ಳುತ್ತಿದ್ದವು. ಮುಂದಿನ ಮಳೆಗೆ ಕಟ್ಟ ಕೊಚ್ಚಿಕೊಂಡು ಹೋಗುತ್ತದೆ. ಮತ್ತೆ ಮುಂದಿನ ವರ್ಷ ಹೊಸದು. ಇದರಲ್ಲಿ ನನಗೆ ಇಷ್ಟವಾಗುವುದು ಒಂದೇ. ಮೇಲಿನ ತೋಟದವನು, ಕೆಳಗಿನ ತೋಟದವನು, ಮಾತು ಬಿಟ್ಟವರು ಎಲ್ಲರೂ ಆ ದಿನ ತೋಡಿಗೆ ಇಳಿಯಲೇಬೇಕು. ನೀರಿಗೆ ಜಗಳ ಗೊತ್ತಿಲ್ಲವಲ್ಲ. ಪ್ರತಿ ವರ್ಷ ಒಂದು ಸಲ ಹೀಗೆ ಇಳಿಯಬೇಕಾದ ಊರಿನಲ್ಲಿ ಹಗೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಪಂಪು, ಬೋರ್‌ವೆಲ್ ಬಂದ ಮೇಲೆ ಇಳಿಯುವ ಅಗತ್ಯವೇ ಹೋಯಿತು. ಆ ಒಗ್ಗಟ್ಟು ನಮ್ಮಲ್ಲಿ ಇಲ್ಲ ಅಂತ ಕೊರಗುವಾಗ ಇದನ್ನೂ ನೆನಪಿಡಿ. ಅದು ಬರೀ ಮನಸ್ಸಿನ ದೊಡ್ಡತನ ಅಲ್ಲ, ತೋಡಿನ ನೀರೂ ಅವರನ್ನು ಸೇರಿಸಿತ್ತು.

‘ಕೊಟ್ಟ ಮಾತು’ ಅಂತ ನೀವು ಬರೆದಿದ್ದೀರಿ. ಇಲ್ಲಿ ಸ್ವಲ್ಪ ಹುಷಾರು. ಬಾಯಿಮಾತಿನ ಮೇಲೆ ಅಕ್ಕಿ ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಹೋಗುತ್ತಿತ್ತು, ಅಡಿಕೆ ಹೋಗುತ್ತಿತ್ತು, ನಿಜ. ಆದರೆ 1970ರ ಸುಮಾರಿಗೆ ಅಡಿಕೆಯ ಬೆಲೆ ಪಾತಾಳಕ್ಕೆ ಬಿದ್ದಾಗ ಆ ಬಾಯಿಮಾತಿನ ವ್ಯಾಪಾರ ಬೆಳೆಗಾರರ ಕೈ ಹಿಡಿಯಲಿಲ್ಲ. ಆಗ ಅವರು ಎಂತ ಮಾಡಿದರು? 1973ರ ಜುಲೈ 11ಕ್ಕೆ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿದ ಸಹಕಾರಿ ಸಂಸ್ಥೆ. ತೂಕ, ರಶೀದಿ, ಷೇರು ಎಲ್ಲ ಬಂತು. ‘ಮಾತು ಸಾಕು, ಕಾಗದ ಯಾಕೆ’ ಅನ್ನುವ ಕಾಲದವರು ಅಂತ ನಾವು ಹೊಗಳುವವರೇ, ಮಾತು ಸಾಲದು ಅಂತ ಗೊತ್ತಾದ ಕೂಡಲೇ ಕಾಗದಕ್ಕೆ ಬಂದರು. ನನಗೆ ಈ ಎರಡನೆಯದ್ದೇ ಜಾಸ್ತಿ ಮೆಚ್ಚುಗೆ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಷೇರು ಪತ್ರ, ಲೆಕ್ಕದ ಪುಸ್ತಕ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಬಾಕಿಗೆ ಗೀಟು ಹಾಕಿದ್ದಾರೆ, ಯಾವುದಕ್ಕೆ ಹಾಕಿಲ್ಲ ಅಂತ ನೋಡಿ. ನಾನು ನೋಡಿದ ಒಂದು ಪುಸ್ತಕದಲ್ಲಿ ಒಂದು ಸಾಲಕ್ಕೆ ‘ಬಂತು’ ಅಂತ ಬರೆದಿತ್ತು. ಕೊಟ್ಟವರ ಮಗ ಮೆತ್ತಗೆ ಹೇಳಿದರು, ಅದು ಬರಲೇ ಇಲ್ಲ ಅಂತ. ಸಾಲ ತೆಗೆದುಕೊಂಡವನು ತೀರಿಹೋದ ವಾರ ಅಪ್ಪ ಹಾಗೆ ಬರೆದಿಟ್ಟರಂತೆ. ಮಕ್ಕಳು ಮುಂದೆ ಅವನ ಮನೆಗೆ ಕೇಳಲು ಹೋಗಬಾರದಲ್ಲ.

ಭಾಷೆಯ ವಿಷಯ ನಮ್ಮ ಕಾಸರಗೋಡಿನವರಿಗೆ ಮಾತ್ರ ಪೂರ್ತಿ ಅರ್ಥವಾಗುವಂಥದ್ದು. 1956ರ ನವೆಂಬರ್ 1ಕ್ಕೆ ನಿಮ್ಮ ಅಜ್ಜನಿಗೆ 20ರ ಆಚೀಚೆ ಪ್ರಾಯ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಮನುಷ್ಯ ಮಲಗಿ ಏಳುವಷ್ಟರಲ್ಲಿ ಕೇರಳದವನಾದ. 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ (ಉತ್ತರದ) ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ವರದಿ ಕೊಟ್ಟಿತು. ಅದು ಹಾಗೆಯೇ ಉಳಿಯಿತು. ನಿಮ್ಮ ಊರಿನ ಪಕ್ಕದ ಪೆರಡಾಲದಲ್ಲಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಈ ಹೋರಾಟವನ್ನು ಕೊನೆಯವರೆಗೂ ಬಿಡಲಿಲ್ಲ. 1915ರಲ್ಲಿ ಹುಟ್ಟಿ, 100 ತುಂಬಿಸಿ, 2015ರಲ್ಲಿ ಹೋದರು. ಮೇಷ್ಟ್ರು, ಕವಿ, ಕೃಷಿಕ ಎಲ್ಲ ಒಬ್ಬರೇ.

ಸಭೆ, ಮನವಿ, ಮೆರವಣಿಗೆ ಎಲ್ಲ ನಡೆಯುತ್ತಿದ್ದಾಗಲೂ ದಿನದ ಬದುಕು ಹೇಗಿತ್ತು? ಮನೆಯಲ್ಲಿ ತುಳು, ಪತ್ರ ಬರೆಯಲು ಕನ್ನಡ, ಆಫೀಸಿನಲ್ಲಿ ಮಲಯಾಳ, ಅಡಿಕೆ ಕೊಳ್ಳಲು ಬರುವವರ ಹತ್ತಿರ ಬ್ಯಾರಿ, ಅಂಗಡಿಯಲ್ಲಿ ಕೊಂಕಣಿ. ಕನ್ನಡಕ್ಕಾಗಿ ಹೋರಾಡಿದವರು ನೆರೆಮನೆಯ ಮಲಯಾಳಿಯ ಮದುವೆಗೆ ಮೊದಲೇ ಹೋಗಿ ಚಪ್ಪರ ಹಾಕಿದರು. ಜಗಳ ಗಡಿಯದ್ದು, ನೆರೆಮನೆಯವರದ್ದಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ತಲೆಮಾರಿನಲ್ಲಿ ನಾನು ನಿಜಕ್ಕೂ ಕೈಮುಗಿಯುವುದು ಇದಕ್ಕೆ. ಫೋನಿನಲ್ಲಿ ಒಂದು ಮೆಸೇಜು ನೋಡಿ ನೆಂಟರ ಹತ್ತಿರವೇ ಮಾತು ಬಿಡುವ ನಮಗೆ ಇದು ಸುಲಭದಲ್ಲಿ ಬರುವುದಿಲ್ಲ.

ಇನ್ನು ನಿಮ್ಮ ಅಪ್ಪ ಬೇಡ ಅಂದ ವಿಷಯ. ಕೇರಳದ ಭೂಸುಧಾರಣೆಯ ತಿದ್ದುಪಡಿ 1970ರ ಜನವರಿ 1ಕ್ಕೆ ಜಾರಿಗೆ ಬಂತು. ಗೇಣಿ ಪದ್ಧತಿ ಮುಗಿಯಿತು. ಉಳುತ್ತಿದ್ದವರಿಗೆ ಭೂಮಿಯ ಹಕ್ಕು ಬಂತು. ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೂ ಹಳ್ಳಿಗಳಲ್ಲಿ 10 ಸೆಂಟ್ಸ್ ತನಕ ಜಾಗ ಸಿಗುವ ದಾರಿಯಾಯಿತು. ನಮ್ಮ ಊರುಗಳಲ್ಲಿ ಇದರಿಂದ ಬದುಕು ಅಡಿಮೇಲಾಗದ ಮನೆ ಕಮ್ಮಿ. ಒಂದು ಕಡೆ ಸಾವಿರ ಮುಡಿ ಗೇಣಿ ಬರುತ್ತಿದ್ದ ಮನೆಯ ಉಪ್ಪರಿಗೆ ಖಾಲಿಯಾಯಿತು. ಇನ್ನೊಂದು ಕಡೆ ಅಂಗಳದ ಹೊರಗೆ ನಿಂತು ಮಾತಾಡುತ್ತಿದ್ದವನು ಮೊದಲ ಸಲ ತನ್ನ ಹೆಸರಿನ ಪಟ್ಟೆ (ಭೂಮಿಯ ಹಕ್ಕುಪತ್ರ) ಹಿಡಿದುಕೊಂಡ. ನಿಮ್ಮ ಮನೆ ಯಾವ ಕಡೆಯದ್ದು ಅಂತ ನೀವು ಬರೆದಿಲ್ಲ. ಅಪ್ಪ ಬೇಡ ಅನ್ನುವುದು ನೋಡಿದರೆ, ಎಲ್ಲೋ ಒಂದು ಕಹಿ ಇರಬೇಕು. ಒಕ್ಕಲನ್ನು ಎಬ್ಬಿಸಲು ನೋಡಿದ್ದೋ, ಭೂಮಿಯ ಹಕ್ಕಿಗೆ ಅರ್ಜಿ ಹಾಕಿದ ಒಕ್ಕಲಿನ ಜೊತೆ ಮಾತು ನಿಂತದ್ದೋ, ಅಥವಾ ನಿಮ್ಮ ಅಜ್ಜನೇ ಅರ್ಜಿ ಹಾಕಿ ಹಳೆಯ ಧಣಿಯ ಮುಖ ನೋಡಲಾಗದೆ ಕೂತದ್ದೋ.

ಕೇಳಿ. ಖಂಡಿತ ಕೇಳಿ. ಆದರೆ ಅಪ್ಪನ ಎದುರು ಬೇಡ, ಮೊದಲ ದಿನವೂ ಬೇಡ. ರೆಕಾರ್ಡ್ ಮಾಡಿಟ್ಟುಕೊಳ್ಳುವುದೇ ಬೇರೆ, ಅಚ್ಚು ಹಾಕುವುದೇ ಬೇರೆ. ಅಚ್ಚಿನ ವಿಷಯ ಆಮೇಲೆ ಮನೆಯವರೆಲ್ಲ ಕೂತು ಮಾತಾಡಿ. ಅಜ್ಜ ‘ಇದು ಬೇಡ’ ಅಂದರೆ ಅಲ್ಲಿಗೆ ಬಿಡಿ, ಕತೆ ಅವರದ್ದು. ಅಪ್ಪ ಮಾತ್ರ ಬೇಡ ಅಂದರೆ ಅದು ಬೇರೆ ಮಾತು. ನಾನು ಕಂಡ ಮಟ್ಟಿಗೆ ಹಿರಿಯರಿಗೆ ಈ ವಿಷಯದಲ್ಲಿ ಮಕ್ಕಳಷ್ಟು ನಾಚಿಕೆ ಇರುವುದಿಲ್ಲ. ಒಬ್ಬ ಹಳೆಯ ಧಣಿ ನನಗೆ ಹೇಳಿದ್ದು ಹೀಗೆ: ‘ಭೂಮಿ ಹೋಗುವಾಗ ಹೊಟ್ಟೆ ಉರಿಯಿತು. ಹತ್ತು ವರ್ಷ ಆದ ಮೇಲೆ ಆ ಒಕ್ಕಲಿನವನ ಮಗ ಮೇಷ್ಟ್ರಾದ. ಆಗ ಅನಿಸಿತು, ಇಲ್ಲದಿದ್ದರೆ ಆ ಹುಡುಗ ನಮ್ಮ ಹಟ್ಟಿಯಲ್ಲೇ ಸೆಗಣಿ ಬಾಚಿಕೊಂಡು ಇರುತ್ತಿದ್ದನಲ್ಲ ಅಂತ.’ ಇಂಥ ಒಂದು ಮಾತು ಸಿಕ್ಕಿದರೆ, ಹೊಗಳಿಕೆಯ ಹತ್ತು ಪುಟ ತೆಗೆದು ಬಿಸಾಡಬಹುದು.

ಅಜ್ಜಿ ಇದ್ದಾರಾ? ನೀವು ಬರೆದೇ ಇಲ್ಲ. ಇದ್ದರೆ ಅವರ ಹತ್ತಿರ ಬೇರೆ ಕೂತು ಕೇಳಿ, ಅಜ್ಜ ಮಧ್ಯಾಹ್ನ ಮಲಗಿದಾಗ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಏಣೆಲು, ಸುಗ್ಗಿ, ಕೊಳಕೆ ಅಂತ ಭತ್ತದ ಮೂರು ಬೆಳೆಗೂ ಬಂದ ಆಳುಗಳಿಗೆ ಗಂಜಿ ಬೇಯಿಸಿದ್ದು ಯಾರು, ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕಿ ಮುಗಿದಾಗ ಹಲಸಿನ ಬೀಜದಲ್ಲಿ ದಿನ ತಳ್ಳಿದ್ದು ಹೇಗೆ, ಇದೆಲ್ಲ ಅಜ್ಜನ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ. ಹಾಗೆಯೇ ಆ ಕಾಲದಲ್ಲಿ ನಿಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದವರು ಯಾರಾದರೂ ಇದ್ದರೆ ಅವರ ಮನೆಗೂ ಹೋಗಿ ಬನ್ನಿ. ‘ಧಣಿಗಳು ದೇವರಂಥವರು’ ಅಂತ ಮೊದಲ ಹತ್ತು ನಿಮಿಷ ಹೇಳುತ್ತಾರೆ. ಎದ್ದು ಬರಬೇಡಿ. ಹನ್ನೊಂದನೆಯ ನಿಮಿಷಕ್ಕೆ ಕಾಯಿರಿ.

ಕೂರುವ ಕ್ರಮ ಸುಲಭ. ಬೆಳಿಗ್ಗೆ ಕಾಫಿ ಆದ ಮೇಲೆ ಅರ್ಧ ಗಂಟೆ, ಜಾಸ್ತಿ ಬೇಡ. ಪುಸ್ತಕದ ಕನ್ನಡದಲ್ಲಿ ಕೇಳಬೇಡಿ, ಮನೆಮಾತಿನಲ್ಲೇ ಕೇಳಿ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಒಳ್ಳೆಯ ಮಾತು ಬರುವ ಹೊತ್ತಿಗೇ ಯಾರೋ ಲೋನ್ ಬೇಕಾ ಅಂತ ಫೋನ್ ಮಾಡುತ್ತಾರೆ. ಇಸವಿ ತಪ್ಪಿದರೆ ಅಲ್ಲೇ ತಿದ್ದಬೇಡಿ. ಮುದಿಪ್ರಾಯದಲ್ಲಿ 10ರಿಂದ 30 ವರ್ಷದೊಳಗಿನ ನೆನಪೇ ಜಾಸ್ತಿ ಗಟ್ಟಿ ಇರುತ್ತದೆ ಅಂತ ನೆನಪಿನ ಬಗ್ಗೆ ಸಂಶೋಧನೆ ಮಾಡಿದವರು ಹೇಳುತ್ತಾರೆ. ನಿನ್ನೆ ತಿಂದದ್ದು ಮರೆತವರು 1956ರ ಮಳೆ ಹೇಳಿದರೆ ಆಶ್ಚರ್ಯ ಬೇಡ. ಕೈಗೆ ಒಂದು ವಸ್ತು ಕೊಟ್ಟರೆ ಮಾತು ಬೇಗ ಬಿಚ್ಚಿಕೊಳ್ಳುತ್ತದೆ. ಹಳೆಯ ಸೇರು, ತುಕ್ಕು ಹಿಡಿದ ಪಿಕ್ಕಾಸು, ಏನೂ ಆಗಬಹುದು.

ಮುಂದಿನ ಸಲ ಊರಿಗೆ ಹೋದಾಗ, ಮಳೆ ಹಿಡಿಯುವ ಮೊದಲು, ಅವರನ್ನು ಸುರಂಗದ ಬಾಯಿಯ ತನಕ ಕರೆದುಕೊಂಡು ಹೋಗಿ. ಒಳಗೆ ಹೋಗುವುದು ಬೇಡ, ಹಳೆಯ ಸುರಂಗ ಕುಸಿಯಬಹುದು, ಹಾವೂ ಇರಬಹುದು. ಒಂದು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಹೋಗಿ. ಅವರನ್ನು ಕೂರಿಸಿ, ನೀವು ಕೆಳಗೆ ಕಲ್ಲಿನ ಮೇಲೆ ಕೂತುಕೊಳ್ಳಿ. ಮೊದಲು ಎಷ್ಟು ಕೋಲು ಅಂತ ಕೇಳಿ.